ನಾಲ್ಕು ತೋಳಿನ ನಿಲುವಂಗಿಗೆ ಒಂದು ಜೇಬು

ದರ್ಜಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಆಕಾಶದಿಂದ ಇಳಿದು ಬಂದವರು ಅಂಗಡಿ ಸಮೇತ ಎತ್ತಿಕೊಂಡು ಹೋದದ್ದು ನನ್ನೊಬ್ಬನನ್ನೇ. ಸುಮ್ಮನೆ ಅಲ್ಲ. ನಾನು ಕತ್ತರಿ ಕೈಗೆತ್ತಿಕೊಂಡರೆ ಹತ್ತು ಬೀದಿಯಾಚೆ ಬಟ್ಟೆ ತಾನಾಗಿಯೇ ಮಡಿಕೆ ಬಿಚ್ಚಿ ಮಲಗುತ್ತದೆ. ನಾನು ಹೊಲಿದ ಪ್ಯಾಂಟು ತೊಟ್ಟವನಿಗೆ ಕಾಲೇ ಬೇಡ, ಪ್ಯಾಂಟೇ ನಡೆಯುತ್ತದೆ. ಇಂಥ ಕೀರ್ತಿ ನಕ್ಷತ್ರಗಳವರೆಗೆ ಹೋಗದೆ ಇರುತ್ತದೆಯೇ?

ಆ ಬೆಳಿಗ್ಗೆ ಅಂಗಡಿಯಲ್ಲಿ ಮೂವರಿದ್ದೆವು. ಮಿಷನ್ನಿನ ಮುಂದೆ ನಾನು. ಕತ್ತರಿಸುವ ಮೇಜಿನ ಹಿಂದೆ ನನ್ನ ಹೆಂಡತಿ. ಬಾಗಿಲಿಗೆ ಅಡ್ಡವಾಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಅತ್ತೆ. ನನ್ನ ಎದೆಯಷ್ಟು ಎತ್ತರವಿಲ್ಲದ ಹೆಂಗಸು. ಬಾಯಿ ಮಾತ್ರ ಮೂರು ಮಹಡಿಯದು.

"ಅಳಿಯಂದ್ರೇ, ನನ್ನ ಕೋಟು ಎಲ್ಲಿಗೆ ಬಂತು?"

"ಆಗೇ ಹೋಯ್ತು ಅತ್ತೆ. ನಾಳೆ ಬನ್ನಿ. ಕಾಜಾ ಒಂದೇ ಬಾಕಿ."

ಕಾಜಾ ಎಂದರೆ ಗುಂಡಿ ತೂರಿಸುವ ಕಣ್ಣು. ಕೋಟಿನ ಬಟ್ಟೆಗೆ ಇನ್ನೂ ಸೀಮೆಸುಣ್ಣವೇ ತಾಗಿರಲಿಲ್ಲ. ಆದರೆ ಒಂದು ಸುಳ್ಳನ್ನು ಇಷ್ಟು ಮುದ್ದಾಗಿ, ಕಣ್ಣು ಮಿಟುಕಿಸದೆ ಹೇಳಲು ಎದೆಗಾರಿಕೆ ಬೇಕು. ದರ್ಜಿಯಾದವನಿಗೆ ಅದು ಹುಟ್ಟುವಾಗಲೇ ಬಂದಿರುತ್ತದೆ.

"ನಿಮ್ಮ ನಾಳೆಗಳನ್ನ ಒಂದರ ಮೇಲೊಂದು ಪೇರಿಸಿದ್ರೆ ಚಂದ್ರನಿಗೆ ಮೆಟ್ಟಿಲು ಕಟ್ಟಬಹುದು," ಎಂದು ಅತ್ತೆ ಮುಷ್ಟಿ ಬಿಚ್ಚಿದರು. ಒಳಗೊಂದು ಹಿತ್ತಾಳೆಯ ಗುಂಡಿ ಹೊಳೆಯುತ್ತಿತ್ತು. "ಇಗೋ, ಗುಂಡಿ ಕೂಡ ನಾನೇ ತಂದೆ. ಇನ್ನೇನು ನೆಪ ಹೇಳ್ತೀರಿ?"

ನೆಪ ಹೇಳಲು ಬಾಯಿ ತೆರೆದೆ ನೋಡಿ, ಅಷ್ಟರಲ್ಲಿ ನೆಲ ಮೇಲೆದ್ದಿತು.

ಅಂಗಡಿ ಇಡಿಯಾಗಿ, ಬೆಂಕಿಪೆಟ್ಟಿಗೆ ಎತ್ತಿದ ಹಾಗೆ, ಗಾಳಿಯಲ್ಲಿ ತೇಲಿ ಊರಾಚೆಯ ಬಯಲಿನಲ್ಲಿ ಅವರು ರಾತ್ರೋರಾತ್ರಿ ಎಬ್ಬಿಸಿದ್ದ ಕೋಟೆಯೊಳಗೆ ಹೋಗಿ ಕೂತಿತು. ಆ ಕೋಟೆಯ ಎತ್ತರ ಎಷ್ಟೆಂದರೆ, ತುದಿ ಮುಟ್ಟಬೇಕಾದರೆ ಕಾಗೆ ನಡುವೆ ಮೂರು ಸಲ ಕೂತು ದಣಿವಾರಿಸಿಕೊಳ್ಳಬೇಕು. ಗೋಡೆಯಲ್ಲಿ ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಉಜ್ಜಿದ ಸ್ಟೀಲು ತಟ್ಟೆಯ ಹಾಗೆ ಫಳಫಳ. ಕಾವಲಿಗೆ ನಿಂತವರಿಗೆ ತಲಾ ನಾಲ್ಕು ಕೈ. ಭುಜದ ಮೇಲೆ ಬೋರಲು ಹಾಕಿದ ತಪ್ಪಲೆಯಂಥ ತಲೆ, ಅದರ ನಡುವೆ ದೀಪದಂಥ ಒಂದೇ ಕಣ್ಣು, ನೆಲ ಗುಡಿಸುವ ಬೂದು ನಿಲುವಂಗಿ. ನಾನು ಅವರಿಗೆ ಅಲ್ಲೇ ತಪ್ಪಲೆತಲೆಗಳು ಎಂದು ನಾಮಕರಣ ಮಾಡಿದೆ.

ಇಳಿಯುವ ಮೊದಲು ತಮ್ಮ ಹಡಗನ್ನು ರೈಲ್ವೆ ನಿಲ್ದಾಣದ ಮೇಲೆ ನಿಲ್ಲಿಸಿಕೊಂಡು ನಮ್ಮ ಭಾಷೆ ಕಲಿತವರು ಅವರು. ಮಾತೂ ಹಾಗೇ ಇತ್ತು.

"ದಯವಿಟ್ಟು ಗಮನಿಸಿ," ಎಂದ ಮೊದಲು ಬಂದವನು, ಬೂದು ಬಟ್ಟೆಯ ಗುಡ್ಡವೊಂದನ್ನು ನಮ್ಮ ಮುಂದೆ ಸುರಿದು. "ಹಡಗಿನ ಕಿಟಕಿಗಳಿಗೆ ಪರದೆ ಹೊಲಿಯತಕ್ಕದ್ದು."

ಹೆಂಡತಿ ಸೂಜಿ ತೆಗೆದುಕೊಂಡಳು. ಅವನನ್ನೇ ದುರುಗುಟ್ಟಿ ನೋಡುತ್ತ, ಸೂಜಿಯತ್ತ ಕಣ್ಣೂ ಹಾಯಿಸದೆ ಒಂದೇ ಸಲಕ್ಕೆ ದಾರ ಪೋಣಿಸಿದಳು. ಅದೇ ಮುಳುವಾಯಿತು. ತಪ್ಪಲೆತಲೆಯ ಕಣ್ಣು ಝಗ್ಗೆಂದು ಹೊತ್ತಿಕೊಂಡಿತು.

"ದಯವಿಟ್ಟು ಗಮನಿಸಿ. ಈ ಜೀವಿ ಅತ್ಯುತ್ತಮ ಮಾದರಿ. ಸೂರ್ಯಾಸ್ತಕ್ಕೆ ಹೊರಡುವ ಹಡಗಿನಲ್ಲಿ ಇದನ್ನು ನಮ್ಮ ಲೋಕಕ್ಕೆ ಕಳುಹಿಸಲಾಗುವುದು. ಮರುಪ್ರಯಾಣದ ಸೌಲಭ್ಯ ಇರುವುದಿಲ್ಲ. ಅಡಚಣೆಗಾಗಿ ವಿಷಾದಿಸುತ್ತೇವೆ."

ನಾಲ್ಕು ಕೈಗಳು ಅವಳನ್ನು ಎತ್ತಿಕೊಂಡು ಹೋದವು. ಬಾಗಿಲು ಮುಚ್ಚಿತು. ನಾನು ಆಗ ಗರ್ಜಿಸಿದ ಗರ್ಜನೆಗೆ ಕೋಟೆಯ ಗೋಡೆ ಬಿರುಕುಬಿಟ್ಟಿತು ಎಂದೇ ಹೇಳಿಕೊಂಡು ಬಂದಿದ್ದೇನೆ. ಅತ್ತೆ ಮಾತ್ರ, "ಅದು ಗರ್ಜನೆ ಅಲ್ಲ, ಬಿಕ್ಕಳಿಕೆ," ಎನ್ನುತ್ತಾರೆ.

"ಅಳೋದಕ್ಕೆ ನಾಳೆ ಬನ್ನಿ ಅಳಿಯಂದ್ರೇ," ಎಂದರು ಆಗಲೂ. ಅವರ ಕೆನ್ನೆಯೂ ಒದ್ದೆಯಾಗಿತ್ತು. "ಹೊತ್ತು ಮುಳುಗೋದ್ರೊಳಗೆ ನನ್ನ ಮಗಳು ಹೊರಗಿರಬೇಕು. ನಿಮ್ಮ ತಲೆಯಲ್ಲಿ ಏನಾದ್ರೂ ಇದ್ಯಾ, ಇಲ್ಲ ಬರೀ ದಾರದುಂಡೆನಾ?"

ಇತ್ತು. ಬಾಗಿಲ ಸಂದಿಯಲ್ಲಿ ಒಂದು ಸಂಗತಿ ನೋಡಿಟ್ಟುಕೊಂಡಿದ್ದೆ. ಇವರಲ್ಲಿ ಎತ್ತರವೇ ಅಧಿಕಾರ. ತನಗಿಂತ ಗೇಣುದ್ದ ಹೆಚ್ಚಿದ್ದವನು ಎದುರಾದರೆ ಸಾಕು, ಕುಳ್ಳ ತಪ್ಪಲೆತಲೆ ನೆಲಕ್ಕೆ ಬಾಗುತ್ತದೆ. ಇನ್ನು ಅವರ ನಿಲುವಂಗಿಗೂ ನಮ್ಮ ಮುಂದೆ ಬಿದ್ದ ಪರದೆಗೂ ಒಂದೇ ಬಟ್ಟೆ.

"ಅತ್ತೆ, ನನ್ನ ಹೆಗಲ ಮೇಲೆ ಹತ್ತಿ."

"ಇಷ್ಟು ವರ್ಷ ನನ್ನ ಮಗಳ ತಲೆ ಮೇಲೆ ಕೂತಿದ್ರಿ. ಕೊನೆಗೂ ನನ್ನ ಸರದಿ ಬಂತು ಅನ್ನಿ."

ನಾನು ಆ ದಿನ ಹೊಲಿದ ವೇಗಕ್ಕೆ ಮಿಷನ್ನಿನಿಂದ ಹೊಗೆ ಎದ್ದಿತು, ಸೂಜಿ ಕೆಂಪಗೆ ಕಾಯ್ದಿತು, ಪೆಡಲು ಅಯ್ಯೋ ಎಂದು ಕೂಗಿತು. ನಾಲ್ಕು ತೋಳಿನ ನಿಲುವಂಗಿ ಸಿದ್ಧವಾಯಿತು. ಮೇಲಿನ ಎರಡು ತೋಳಿಗೆ ಅತ್ತೆಯ ಕೈ, ಕೆಳಗಿನ ಎರಡಕ್ಕೆ ನನ್ನದು. ಇಸ್ತ್ರಿಗೆ ನೀರು ಚಿಮುಕಿಸುವ ದೊಡ್ಡ ತಪ್ಪಲೆ ಅತ್ತೆಯ ತಲೆಗೆ. ಅದರ ಹಣೆಗೆ ನಮ್ಮ ಟಾರ್ಚು ಕಟ್ಟಿದೆ, ಕಣ್ಣಾಯಿತು. ಆದರೆ ತಪ್ಪಲೆಯೊಳಗಿಂದ ಅತ್ತೆಗೆ ಕಾಣುವುದು ಕತ್ತಲೆ ಮಾತ್ರ. ದಾರಿ ನೋಡಬೇಕಾದವನು ನಾನು. ನನ್ನ ಕಣ್ಣಿನ ನೇರಕ್ಕೆ ಒಂದು ಕಾಜಾ ಹೊಲಿದೆ. ಜೀವಮಾನದಲ್ಲಿ ಹೇಳಿದ ಸಮಯಕ್ಕೆ ನಾನು ಮುಗಿಸಿದ ಮೊದಲ ಕಾಜಾ ಅದು.

ಪರದೆ ಒಯ್ಯಲು ಬಂದ ಕಾವಲುಗಾರ ಬಾಗಿಲು ತೆರೆದ. ಎದುರಿಗೆ ತನಗಿಂತ ಒಂದು ಮೊಳ ಎತ್ತರದ ಅಧಿಕಾರಿ! ಹಣೆ ನೆಲಕ್ಕೆ ತಾಗುವಂತೆ ಬಾಗಿ, ಅಲ್ಲಿಂದಲೇ ಕೇಳಿದ:

"ದಯವಿಟ್ಟು ಗಮನಿಸಿ. ಕೈದಿಗಳು ಎಲ್ಲಿ?"

ಮೇಲಿನಿಂದ, ತಪ್ಪಲೆಯೊಳಗೆ ಗುಂಯ್‌ಗುಡುತ್ತ, ಸಾಕ್ಷಾತ್ ನಿಲ್ದಾಣದ ಧ್ವನಿವರ್ಧಕದ ಹಾಗೆ ಅತ್ತೆಯ ದನಿ ಬಂತು.

"ದಯವಿಟ್ಟು ಗಮನಿಸಿ. ಕೈದಿಗಳು ನನ್ನ ಹೊಟ್ಟೆಯಲ್ಲಿದ್ದಾರೆ. ಹಸಿವು ಇನ್ನೂ ಇದೆ."

ಅವನು ಹಿಂದೆ ಹಿಂದೆ ಸರಿಯುತ್ತ ಮೂಲೆ ಸೇರಿದ. ನಾವು ಹೊರಗೆ ಬಿದ್ದೆವು.

ಆ ಓಣಿಗಳಲ್ಲಿ ನನ್ನ ಕುತ್ತಿಗೆಯ ಮೇಲೆ ಕೂತದ್ದು ಅತ್ತೆಯೋ ಆನೆಯೋ ಎಂದು ಈಗಲೂ ಬೆನ್ನುಮೂಳೆ ಕೇಳುತ್ತದೆ. "ಎಡಕ್ಕೆ ಅತ್ತೆ, ಬಾಗಿ, ತೊಲೆ ಇದೆ," ಎಂದು ನಾನು ಪಿಸುಗುಟ್ಟುವುದು, "ಮೊದಲೇ ಹೇಳೋಕೇನು ಧಾಡಿ?" ಎಂದು ಅವರು ಹಿಮ್ಮಡಿಯಿಂದ ನನ್ನ ಪಕ್ಕೆಗೆ ತಿವಿಯುವುದು. ಎದುರು ಬಂದ ಸಾವಿರಾರು ತಪ್ಪಲೆತಲೆಗಳು, ಹೋಗಲಿ, ಏಳೆಂಟು ಅನ್ನಿ, ಗಾಳಿಗೆ ಜೋಳದ ತೆನೆ ಬಾಗಿದ ಹಾಗೆ ಬಾಗುತ್ತ ಹೋದವು.

ಮಾದರಿಗಳ ಕೋಣೆಯಲ್ಲಿ ಒಂದು ಗಾಜಿನ ಡಬ್ಬಿ. ಅದರೊಳಗೆ ಮೊಣಕಾಲಿಗೆ ಗಲ್ಲವೂರಿ ನನ್ನ ಹೆಂಡತಿ. ಎತ್ತರದ ಕಿಟಕಿಯಲ್ಲಿ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಆಚೆ ಹಡಗು ಬೆಂಕಿ ಉಸಿರಾಡಲು ಶುರುಮಾಡಿತ್ತು.

"ಮಾದರಿಗೆ ಧೂಳು ಹಿಡಿದಿದೆ," ಎಂದರು ಅತ್ತೆ. "ಹೊರಗೆ ಒಯ್ದು ಒದರಿ ತರಲಾಗುವುದು."

ಕೋಣೆ ಕಾಯುವವನು ಬಾಗಿ ಡಬ್ಬಿ ತೆರೆದ. ಹೆಂಡತಿ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಕಣ್ಣು ಅಂಚಿನ ಹೊಲಿಗೆಯ ಮೇಲೆ ನಿಂತಿತು, ಆಮೇಲೆ ತೋಳಿನ ಮೇಲೆ. ಪಕ್ಕಕ್ಕೆ ಬಂದು ನಡೆಯುತ್ತ ತುಟಿ ಅಲ್ಲಾಡಿಸದೆ ಅಂದಳು:

"ರೀ, ಎಡತೋಳು ಎರಡು ಬೆರಳು ಉದ್ದ ಆಗಿದೆ."

ಜೀವ ಉಳಿಸಲು ಬಂದವನಿಗೆ ಸಿಕ್ಕ ಮೊದಲ ಮಾತು ಇದು! ಆದರೂ ಆ ದನಿ ಕೇಳಿ ನನ್ನ ಮೈಯಲ್ಲಿ ನೂರು ಕುದುರೆಯ ಬಲ ಬಂತು.

ಇನ್ನು ಹೆಬ್ಬಾಗಿಲೊಂದೇ. ಅಲ್ಲಿ ನಾಲ್ವರು ಕಾವಲುಗಾರರು, ಕೈಗೊಂದರಂತೆ ಬೆಂಕಿಕೋಲು. ನಮ್ಮ ಎತ್ತರ ಕಂಡು ಬಾಗಿದರು, ಬಾಗಿಲು ತೆರೆದರು. ಹೊರಗಿನ ಬಯಲು, ಬಯಲಿನಾಚೆ ನಮ್ಮ ಊರಿನ ನೀರಿನ ಟ್ಯಾಂಕು ಕಂಡವು. ಒಂದು ಕಾಲು ಹೊಸ್ತಿಲ ಆಚೆ ಇಟ್ಟೆ.

"ದಯವಿಟ್ಟು ಗಮನಿಸಿ. ಅದು ಏನು?"

ಅವರಲ್ಲಿ ಹಿರಿಯನಾದವನು ಬೆಂಕಿಕೋಲಿನಿಂದ ನಿಲುವಂಗಿಯ ಮೇಲ್ಭಾಗ ತೋರಿಸುತ್ತಿದ್ದ. ಅತ್ತೆಯ ಬಲಗೈ ಅಭ್ಯಾಸಬಲದಿಂದ ಜೇಬಿನೊಳಗೆ ಇಳಿದಿತ್ತು.

ಹೌದು, ಜೇಬು! ತಪ್ಪಲೆತಲೆಗಳ ಬಟ್ಟೆಯಲ್ಲಿ ಜೇಬು ಇರುವುದೇ ಇಲ್ಲ. ಅದನ್ನು ಬೆಳಿಗ್ಗೆಯೇ ನೋಡಿದ್ದೆ, ನೋಡಿ ನಕ್ಕಿದ್ದೆ. ಆದರೂ ಮಿಷನ್ನಿನ ಮುಂದೆ ಕೂತಾಗ ನನ್ನ ಕೈ ನನ್ನನ್ನು ಕೇಳದೆ ಒಂದು ಜೇಬನ್ನು ಹೊಲಿದುಬಿಟ್ಟಿತ್ತು. ಒಳಬಟ್ಟೆಯ ಅಸ್ತರಿ ಸಮೇತ. ಮೂಲೆಗೆ ಎರಡೆರಡು ಹೊಲಿಗೆ ಬೇರೆ. ಲೋಕದ ಯಾವ ಕಳ್ಳನೂ ಯಾವ ಗೂಢಚಾರನೂ ಮಾಡದ ತಪ್ಪು. ದರ್ಜಿ ಮಾತ್ರ ಮಾಡುವಂಥದ್ದು.

"ಜೇಬು," ಎಂದರು ಅತ್ತೆ.

"ಒಳಗೆ ಏನಿದೆ?"

"ನನ್ನ ಗುಂಡಿ."

"ದಯವಿಟ್ಟು ತಿದ್ದಿಕೊಳ್ಳಿ. ಎಲ್ಲ ವಸ್ತುಗಳೂ ಕೋಟೆಯವು. ಕೋಟೆಯ ಗುಂಡಿ."

ಇಲ್ಲಿ ಅತ್ತೆಗೆ ರೇಗಿತು. ನಿಲ್ದಾಣದ ಭಾಷೆ ಹಾರಿಹೋಯಿತು.

"ಏನಂದೆ? ಅಂಗಡಿ ಅಂಗಡಿ ಸುತ್ತಿ, ಚಪ್ಪಲಿ ಸವೆಸಿ ತಂದಿದ್ದು ಕಣೋ ಇದು! ಕೋಟೆಯದ್ದಂತೆ ಕೋಟೆಯದ್ದು! ನನ್ನ ಜೇಬಲ್ಲಿ ಇರೋದು ನನ್ನದು. ತಿಳೀತಾ?"

ಮುಗಿಯಿತು ಎಂದುಕೊಂಡೆ. ಕಾಜಾದಿಂದ ನೋಡುತ್ತೇನೆ, ಬೆಂಕಿಕೋಲುಗಳು ಮೇಲೆದ್ದಿಲ್ಲ. ನಾಲ್ಕು ಕಣ್ಣುಗಳೂ ಜೇಬಿನ ಮೇಲೇ ನೆಟ್ಟಿವೆ.

"ನನ್ನ... ದು?" ಎಂದ ಹಿರಿಯವನು, ಹೊಸ ತಿಂಡಿಯ ರುಚಿ ನೋಡುವ ಮಗುವಿನ ಹಾಗೆ. ತನ್ನ ನಿಲುವಂಗಿಯ ಬದಿಯನ್ನು ತಡವಿಕೊಂಡ. ಅಲ್ಲಿ ಏನೂ ಇರಲಿಲ್ಲ. "ದಯವಿಟ್ಟು. ನಮಗೂ ಇಂಥದ್ದು ದೊರೆಯುವುದೇ?"

ಗಿರಾಕಿ! ಹಸಿದ ಹುಲಿಯ ಕಣ್ಣಿಗೆ ಜಿಂಕೆ ಬಿದ್ದರೂ ಅಷ್ಟು ಖುಷಿಯಾಗಲಾರದು. ಅತ್ತೆಯ ತೊಡೆ ಚಿವುಟಿ ಕೆಳಗಿನಿಂದ ಪಿಸುಗುಟ್ಟಿದೆ, ಅವರು ಮೇಲಿನಿಂದ ಮೊಳಗಿದರು:

"ದೊರೆಯುವುದು. ಅಳತೆ ಕೊಡತಕ್ಕದ್ದು. ಈ ಮಾದರಿಯೇ ಅಳತೆ ತೆಗೆಯುತ್ತದೆ. ಕೋಲು ಕೆಳಗಿಡಿ. ಒಬ್ಬರಿಗೊಬ್ಬರು ಒತ್ತಿ ನಿಲ್ಲಿ. ಎಲ್ಲ ಕೈ ಮೇಲೆತ್ತಿ. ಕಣ್ಣು ಮುಚ್ಚಿ. ಅಲ್ಲಾಡಿದರೆ ಜೇಬು ಸೊಟ್ಟಗಾಗುವುದು."

ಹದಿನಾರು ಕೈಗಳು ಆಕಾಶಕ್ಕೆ ಎದ್ದವು. ನಾಲ್ಕು ದೀಪಗಳು ಆರಿದವು. ಅಂಥ ಸೈನ್ಯವನ್ನು ಒಂದು ಹನಿ ರಕ್ತವಿಲ್ಲದೆ ನಿರಾಯುಧಗೊಳಿಸಿದ ದರ್ಜಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ನನ್ನ ಕತ್ತರಿ ಅವನ ಪಾದಕ್ಕೆ ಇಡುತ್ತೇನೆ.

ಹೆಂಡತಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತನ್ನ ಅಂಗಿಯ ಕಾಲರಿಗೆ ಯಾವಾಗಲೂ ಚುಚ್ಚಿಕೊಂಡಿರುವ ಸೂಜಿಯನ್ನು ತೆಗೆದಳು. "ಸುತ್ತಳತೆ... ಹ್ಞೂಂ... ಉದ್ದ..." ಎಂದು ರಾಗ ಎಳೆಯುತ್ತ ಮಂಡಿಯೂರಿದಳು. ಮೊದಲನೆಯವನ ಅಂಚನ್ನು ಎರಡನೆಯವನಿಗೆ, ಎರಡನೆಯವನದನ್ನು ಮೂರನೆಯವನಿಗೆ, ಅವನದನ್ನು ಹಿರಿಯನಿಗೆ ಸರಸರನೆ ಕಚ್ಚಾ ಹೊಲಿಗೆ ಹಾಕಿದಳು. ದಾರ ಹಲ್ಲಿನಿಂದ ಕಡಿದು ಎದ್ದಳು.

"ದಯವಿಟ್ಟು," ಎಂದ ಹಿರಿಯವನು ಕಣ್ಣು ಮುಚ್ಚಿಕೊಂಡೇ. "ನನ್ನ ಜೇಬು ಯಾವಾಗ ಸಿದ್ಧವಾಗುವುದು?"

ನಾನು ಬಾಯಿ ತೆರೆಯುವುದಕ್ಕೂ ಪುರುಸೊತ್ತು ಕೊಡದೆ, ಕಣ್ಣು ಮಿಟುಕಿಸದ ನನ್ನದೇ ದನಿಯಲ್ಲಿ, ನನ್ನದೇ ಬೆಣ್ಣೆಯಂಥ ಎಳೆತದಲ್ಲಿ ಅತ್ತೆ ಅಂದರು:

"ಆಗೇ ಹೋಯ್ತು. ನಾಳೆ ಬನ್ನಿ. ಕಾಜಾ ಒಂದೇ ಬಾಕಿ."

ಅಷ್ಟರಲ್ಲಿ ಕೋಟೆಯ ಹೊಟ್ಟೆಯಿಂದ ಕೂಗು ಎದ್ದಿತು. "ದಯವಿಟ್ಟು ಗಮನಿಸಿ! ಮಾದರಿ ಕಾಣೆಯಾಗಿದೆ! ದಯವಿಟ್ಟು ಗಮನಿಸಿ!"

"ಓಡ್ರೀ!" ಎಂದಳು ಹೆಂಡತಿ.

ಓಡಿದೆ ಎಂದರೆ ಓಡಿದೆನೇ? ಗಾಳಿ ನನ್ನ ಹಿಂದೆ ಏದುಸಿರು ಬಿಡುತ್ತ ಬರುತ್ತಿತ್ತು. ನನ್ನ ನೆರಳು ಅರ್ಧ ದಾರಿಯಲ್ಲಿ ಕೈಬಿಟ್ಟು ಕೂತಿತು. ಹೆಗಲ ಮೇಲೆ ಅತ್ತೆ, ಅತ್ತೆಯ ತಲೆಯ ಮೇಲೆ ಢಣಢಣ ತಪ್ಪಲೆ, ಪಕ್ಕದಲ್ಲಿ ಹೆಂಡತಿ. ಹಿಂತಿರುಗಿ ನೋಡಿದರೆ, ಬೆನ್ನಟ್ಟಲು ಹೊರಟ ನಾಲ್ವರೂ ಒಂದೇ ಹೆಜ್ಜೆಗೆ ಒಬ್ಬರ ಮೇಲೊಬ್ಬರು ಉರುಳಿ ಹೆಬ್ಬಾಗಿಲಿಗೇ ಬಿರಡೆಯಾಗಿ ಕೂತಿದ್ದರು. ಒಳಗಿನಿಂದ ಬಂದವರು ಅವರ ಮೇಲೆ, ಅವರ ಹಿಂದಿನವರು ಇವರ ಮೇಲೆ. ಕೈಗಳ ಆ ಗುಡ್ಡದಲ್ಲಿ ಯಾರ ಕೈ ಯಾರದೆಂದು ತಿಳಿಯದ ಗದ್ದಲ. ಹೆಂಡತಿಯ ಕಚ್ಚಾ ಹೊಲಿಗೆ ಅಂದರೆ ಹಾಗೆ. ನನ್ನ ಪಕ್ಕಾ ಹೊಲಿಗೆಗಿಂತ ಗಟ್ಟಿ. ಈ ಮಾತು ಹೊರಗೆ ಹೋಗದಿರಲಿ.

ನೀರಿನ ಟ್ಯಾಂಕಿನ ಕೆಳಗೆ ಮೂವರೂ ಬಿದ್ದುಕೊಂಡಾಗ ಸೂರ್ಯ ಮುಳುಗಿದ. ಹಡಗು ಹೇಳಿದ ಸಮಯಕ್ಕೆ ಸರಿಯಾಗಿ ಎದ್ದಿತು. ನಿಲ್ದಾಣದ ಭಾಷೆ ಕಲಿತವರು ಇದೊಂದನ್ನು ಮಾತ್ರ ಅಲ್ಲಿಂದ ಕಲಿಯಲಿಲ್ಲ. ಕೋಟೆ ಕೊಡೆಯ ಹಾಗೆ ಮಡಚಿಕೊಂಡು ಅದರ ಹಿಂದೆ ಹೋಯಿತು. ಕೆಳಗೆ ಬಯಲಿನಲ್ಲಿ ನನ್ನ ಅಂಗಡಿಯೊಂದೇ, ಬಾಗಿಲು ಹಾರುಹೊಡೆದುಕೊಂಡು, ನಿಂತಿತ್ತು.

ಹೆಂಡತಿ ನನ್ನ ತೋಳಿಗೆ ತಲೆಯಿಟ್ಟಳು. ಆಮೇಲೆ ಅಂದಳು: "ಅಮ್ಮನ್ನ ಅಷ್ಟು ದೂರ ಹೊತ್ಕೊಂಡು ಬಂದ್ರಾ?"

"ಹೂವಿನ ಹಾಗೆ," ಎಂದೆ. ಆ ದಿನದ ದೊಡ್ಡ ಸುಳ್ಳು ಅದೇ.

ಅತ್ತೆ ತಪ್ಪಲೆ ತೆಗೆದು ಪಕ್ಕಕ್ಕಿಟ್ಟರು. ಮಗಳ ಕೆನ್ನೆ, ಕೈ, ಬೆರಳು ಒಂದೊಂದನ್ನೇ ಮುಟ್ಟಿ ನೋಡಿದರು, ಬಟ್ಟೆ ಕೊಳ್ಳುವವರು ನೂಲು ನೋಡುವ ಹಾಗೆ. ಆಮೇಲೆ ಬೂದು ನಿಲುವಂಗಿಯ ಜೇಬಿಗೆ ಕೈಹಾಕಿ ಹಿತ್ತಾಳೆಯ ಗುಂಡಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

"ಅಳಿಯಂದ್ರೇ, ಬಟ್ಟೆಯೂ ಇದೆ, ಗುಂಡಿಯೂ ಇದೆ. ನಾಳೆ ಅಂದ್ರೆ ನೋಡಿ ಮತ್ತೆ!"

ನಾನು ನಿಲುವಂಗಿಯನ್ನು ಮಡಿಲಿಗೆಳೆದುಕೊಂಡೆ. ಹೊಟ್ಟೆಯ ಭಾಗದಲ್ಲಿ, ನನ್ನ ಕಣ್ಣಿದ್ದ ಜಾಗದಲ್ಲಿ, ಲೋಕದ ಅತಿ ಸುಂದರ ಕಾಜಾ ನಗುತ್ತಿತ್ತು. ಗುಂಡಿ ತೂರಿಸಿ ನೋಡಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

"ಛೇ, ಛೇ, ನಾಳೆ ಯಾಕೆ ಅತ್ತೆ?" ಎಂದೆ. "ಕಾಜಾ ಆಗೇ ಹೋಯ್ತು ನೋಡಿ. ಕೋಟು ಒಂದೇ ಬಾಕಿ."