ಮಾವನ ಕುದುರೆ ಮತ್ತು ತುಂಬಿಹೋದ ಮೆಮೊರಿ

೧
ಎಲ್ಲಿಂದ ಶುರು ಮಾಡೋಣ, ಹೇಳಿ? ಕಂಪ್ಯೂಟರ್ ನಿಂತುಹೋದ ಕಡೆಯಿಂದಲೋ, ಅಣ್ಣತಮ್ಮಂದಿರ ಮಾತು ನಿಂತುಹೋದ ಕಡೆಯಿಂದಲೋ? ಎರಡನೆಯದು ಬಹಳ ಹಳೆಯದು, ಕಾರಣ ಯಾರಿಗೂ ನೆಟ್ಟಗೆ ಗೊತ್ತಿಲ್ಲ. (ಮೊದಲ ಕರಡಿನಲ್ಲಿ ‘ಆಸ್ತಿ ಜಗಳ’ ಎಂದು ಬರೆದಿದ್ದೆ. “ನಿನಗ್ಯಾಕಯ್ಯಾ ಇಲ್ಲದ ಉಸಾಬರಿ?” ಎಂದು ಕಥೆಯೊಳಗಿನ ಮಾವ ಗದರಿದರು. ಅಳಿಸಿದೆ.) ಕಂಪ್ಯೂಟರಿನಿಂದಲೇ ಆಗಲಿ.

೨
ಸೊಸೆ ಮನೆಯಲ್ಲೇ ಕೂತು ಸಿದ್ಧ ಉಡುಪಿನ ಕಾರ್ಖಾನೆಗೆ ಬಟ್ಟೆ ಕತ್ತರಿಸುವ ನಕ್ಷೆ ಮಾಡಿಕೊಡುವವಳು. ಮಧ್ಯಾಹ್ನದೊಳಗೆ ನರ್ಸುಗಳ ಕೋಟಿನ ನಕ್ಷೆ ಹೋಗದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಫೈಲು ತೆರೆಯಲು ಹೋದರೆ ‘ಮೆಮೊರಿ ಸಾಲದು’ ಎಂಬ ಸಂದೇಶ. ಬ್ರೌಸರಿನಲ್ಲಿ ತೆರೆದು ಮರೆತಿದ್ದ ಟ್ಯಾಬುಗಳನ್ನೆಲ್ಲ ಮುಚ್ಚಿದಳು. ಹಾಡು ನಿಲ್ಲಿಸಿದಳು. ಊಹೂಂ. ಟಾಸ್ಕ್ ಮ್ಯಾನೇಜರ್ ತೆರೆದು, ಯಾರು ಎಷ್ಟು ನುಂಗಿದ್ದಾರೆಂದು ನೋಡಿದರೆ ಎಲ್ಲರಿಗಿಂತ ಮೇಲೆ ಕೂತಿದ್ದದ್ದು ಮಾವನ ಚೆಸ್.

೩
ಮಾವ ಆಟ ಮುಗಿಸಿದಾಗ ಪರದೆಯ ಗುಂಡಿ ಒತ್ತುತ್ತಾರೆ. ಪರದೆ ಕಪ್ಪಾದರೆ ಕಂಪ್ಯೂಟರ್ ಆಫ್ ಆಯಿತೆಂದೇ ಅವರ ನಂಬಿಕೆ. ಮರುದಿನ ಒತ್ತಿದರೆ ಆಟ ಅಲ್ಲೇ ಇರುತ್ತದೆ. “ಏನು ನೆನಪಮ್ಮಾ ಇದಕ್ಕೆ!” ಎಂದು ಮೆಚ್ಚುತ್ತಾರೆ. ಸೇವ್ ಎಂಬುದನ್ನು ಮುಟ್ಟಿದವರೇ ಅಲ್ಲ. ಅತ್ತ ಆ ಪ್ರೋಗ್ರಾಮು ದಿನದಿನಕ್ಕೂ ಮೆಮೊರಿ ಕೇಳಿ ಪಡೆಯುತ್ತದೆ, ತಿರುಗಿ ಕೊಡುವುದಿಲ್ಲ. (ಸೊಸೆಯೂ ಶಟ್‌ಡೌನ್ ಮಾಡುವ ಅಭ್ಯಾಸದವಳಲ್ಲ. ನೀವು ಮಹಾ ಮಾಡುತ್ತೀರೇನೋ!)

ಎದುರಾಳಿ ಚಿಕ್ಕಮಾವ, ಅಂದರೆ ಮಾವನ ತಮ್ಮ. ಫೋನ್ ಮಾಡಿ “ಆನೆ, ಡಿ ನಾಲ್ಕು” ಅಂತೇನೋ ಒಂದು ನಡೆ ಹೇಳಿ ಇಟ್ಟುಬಿಡುತ್ತಾರೆ. ಮಾವನೂ ಅಷ್ಟೇ. ಅವರಿಬ್ಬರ ನಡುವೆ ಉಳಿದಿರುವ ಮಾತು ಇಷ್ಟೇ. ಚಿಕ್ಕಮಾವನ ಬಳಿ ಬೋರ್ಡು ಕೂಡ ಇಲ್ಲ, ಎಲ್ಲ ತಲೆಯಲ್ಲೇ.

೪
ಸೇವ್ ಮಾಡಬಾರದೇ ಅನ್ನುತ್ತೀರಿ. ಒತ್ತಿದಳು. ಚೆಸ್ಸಿನ ಕಿಟಕಿ ಬೆಳ್ಳಗಾಗಿ ಹಾಗೇ ನಿಂತಿತು. ಇನ್ನು ಉಳಿದಿದ್ದು ಎಂಡ್ ಟಾಸ್ಕ್, ಅಂದರೆ ಆಟದ ಸಮೇತ ಮುಚ್ಚಿಬಿಡುವುದು.

“ಒತ್ತಿಬಿಡಮ್ಮಾ,” ಎಂದೆ ನಾನು.

“ಆಮೇಲೆ ಮಾವನ ಮುಖ ನೋಡೋಳು ನಾನು. ನಿಮಗೇನು?”

“ಕರೆಂಟ್ ಹೋಯಿತು ಅಂತ ಬರೆದುಬಿಡಲೇ? ಯಾರ ತಪ್ಪೂ ಆಗಲ್ಲ.”

“ಥೂ, ಕಳ್ಳಾಟ,” ಎಂದವಳೇ ಮಾವನನ್ನು ಕೂಗಿದಳು.

೫
“ಮಾವ, ನಿಮ್ಮ ಆಟ ಬರೀ ಮೆಮೊರಿಯಲ್ಲಿದೆ, ಡಿಸ್ಕಿನಲ್ಲಿಲ್ಲ.”

“ಎರಡೂ ಒಂದೇ ಅಲ್ವೇನಮ್ಮ?”

“ಅಲ್ಲ. ಮೆಮೊರಿ ಅಂದ್ರೆ ಮೇಜು, ಡಿಸ್ಕ್ ಅಂದ್ರೆ ಬೀರು. ನೀವು ಬೀರುವಿಗೆ ಎತ್ತಿಡಲೇ ಇಲ್ಲ. ಈಗ ಮೇಜು ಖಾಲಿ ಮಾಡ್ಬೇಕು.”

“ಮತ್ತೆ ಆಟ?”

“ಚಿಕ್ಕಮಾವನ ತಲೆಯಲ್ಲಿದೆಯಲ್ಲ, ಕೇಳಿ.”

“ಅವನು ಹೇಳಿದ್ದೇ ಸರಿ ಅಂತ ನಾನು ಒಪ್ಕೋಬೇಕಾ? ಈ ಜನ್ಮದಲ್ಲಿ ಆಗಲ್ಲ!”

ಸೊಸೆಗೆ ಅಯ್ಯೋ ಅನ್ನಿಸಿತು. ಕೈಯನ್ನು ಮೌಸಿನಿಂದ ತೆಗೆದಳು. ಮಾವ ಬೆಳ್ಳನೆಯ ಕಿಟಕಿಯನ್ನು ನೋಡುತ್ತಾ ಕುರ್ಚಿ ಎಳೆದುಕೊಂಡು ಕೂತರು.

“ನಿನ್ನ ಕೆಲಸ ಹೋಗತ್ತಾ?”

“ಹೋಗ್ಬಹುದು, ಮಾವ.”

“ಒತ್ತು,” ಎಂದು ಆ ಕಡೆ ಮುಖ ತಿರುಗಿಸಿದರು.

ಒತ್ತಿದಳು. ಮೆಮೊರಿ ಸರ್ರನೆ ಇಳಿಯಿತು. ನರ್ಸುಗಳ ಕೋಟು ತೆರೆದುಕೊಂಡಿತು.

ಮುಕ್ತಾಯ ಒಂದು
ಅಣ್ಣತಮ್ಮ ತಬ್ಬಿಕೊಂಡು ಅಳುತ್ತಾರೆ. (ಅಬ್ಬಬ್ಬಾ. ಕಿತ್ತು ಹಾಕಿದೆ.)

ಮುಕ್ತಾಯ ಎರಡು
ಚಿಕ್ಕಮಾವನಿಗೂ ಆಟ ಯಾವತ್ತೋ ಮರೆತುಹೋಗಿದೆ, ಇಷ್ಟು ದಿನ ಬಾಯಿಗೆ ಬಂದದ್ದು ಹೇಳುತ್ತಿದ್ದರು. (ನನಗಿದು ಬಲು ಇಷ್ಟ. ಆದರೆ ತಪ್ಪು ನಡೆ ಕಂಡೂ ಅಷ್ಟೂ ದಿನ ಮಾವ ಸುಮ್ಮನಿರುತ್ತಿದ್ದರೇ?)

ಮುಕ್ತಾಯ ಮೂರನ್ನು ಓದಿ ಸೊಸೆ ನಕ್ಕುಬಿಟ್ಟಳು. ಆದ್ದರಿಂದ ಅದಿಲ್ಲ.

೬
ನಕ್ಷೆ ಹೊರಟ ಸ್ವಲ್ಪ ಹೊತ್ತಿಗೆ ಫೋನು ಬಂತು. ಇದನ್ನು ನಾನು ಬರೆಯಲಿಲ್ಲ, ತಾನಾಗೇ ಬಂತು. “ಆನೆ, ಡಿ ನಾಲ್ಕು,” ಎಂದಿತು ಆ ಕಡೆಯ ದನಿ.

“ಇಡಬೇಡ ಕಣೋ,” ಎಂದರು ಮಾವ.

ಆ ಕಡೆ ಇಟ್ಟ ಸದ್ದು ಬರಲಿಲ್ಲ.

“ನನ್ನ ಕುದುರೆ ಎಲ್ಲಿದೆ? ನೀನೇ ಹೇಳು.”

ಉತ್ತರ ಕೇಳಲು ನಾನು ಕಿವಿ ನಿಮಿರಿಸಿದೆ, ಪೆನ್ನೂ ಹಿಡಿದೆ. ಅಷ್ಟರಲ್ಲಿ ಸೊಸೆ ಎದ್ದು ಬಂದು, ನನ್ನನ್ನು ಹೊರಗೇ ಬಿಟ್ಟು, ಕೋಣೆಯ ಬಾಗಿಲು ಎಳೆದುಕೊಂಡಳು. ಒಳಗೆ ಮಾವ ಇನ್ನೂ ಫೋನ್ ಇಟ್ಟಿಲ್ಲ.