ಅಂಗಾತ ಹಿಡಿದ ಗಂಟೆ

ಆ ದಿನ ಸಂಜೆ ನನ್ನ ಸೊಸೆ ಔಷಧಾಲಯದ ಕೆಲಸ ಮುಗಿಸಿಕೊಂಡು ನೇರವಾಗಿ ಎರಕದ ಮನೆಗೆ ಬಂದಳು. ಮಗಳು ಹೊಯ್ದ ಮೊದಲ ಗಂಟೆಯನ್ನು ನೋಡುವ ಆಸೆ ಅವಳಿಗೆ. ನಾವು ಐದಾರು ಮಂದಿ ಕುಲುಮೆಯ ಮುಂದೆ ನಗುತ್ತ ಕುಳಿತಿದ್ದೆವು. ಮೂಲೆಯ ಮರಳಿನ ರಾಶಿಯ ಮೇಲೆ ನನ್ನ ಹಳೆಯ ಕೋಟು ಹೊದ್ದು ಮೊಮ್ಮಗಳು ಮಲಗಿದ್ದಳು.

"ಮಲಗಿ ಎಷ್ಟು ಹೊತ್ತಾಯ್ತು?" ಎಂದಳು ಸೊಸೆ.

"ಮಧ್ಯಾಹ್ನದಿಂದ. ಎಬ್ಬಿಸಬೇಡಮ್ಮ, ತಣ್ಣಗಾಗಲಿ," ಎಂದೆ.

ಅವಳು ಬಾಗಿ ಮಗಳ ಕೆನ್ನೆ ಮುಟ್ಟಿದಳು. ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಬಹಳ ಹೊತ್ತು ಹಾಗೆಯೇ ಇದ್ದಳು.

"ತಣ್ಣಗಾಗಿದ್ದಾಳೆ ಮಾವ," ಎಂದಳು.

ಕಿರುಚಲಿಲ್ಲ. ನನ್ನ ಕೋಟನ್ನು ತೆಗೆದು ಪಕ್ಕಕ್ಕೆ ಹಾಕಿ, ತನ್ನ ಮೇಲುಹೊದಿಕೆಯನ್ನು ಮಗಳಿಗೆ ಹೊದಿಸಿದಳು. ಅವಳು ಆ ಕೋಟನ್ನು ಏಕೆ ತೆಗೆದಳೆಂದು ನಾನು ಈವರೆಗೆ ಕೇಳಿಲ್ಲ. ಕೇಳಬೇಕಾಗಿಲ್ಲ.

ನನ್ನ ಮೊಮ್ಮಗಳಿಗೆ ಹದಿನೇಳು ತುಂಬಿತ್ತು. ನಿಂತಲ್ಲಿ ನಿಲ್ಲದವಳೆಂದು ಎಲ್ಲರೂ ಅವಳನ್ನು ಪಾದರಸ ಎಂದು ಕರೆಯುತ್ತಿದ್ದರು. ನಮ್ಮದು ಗಂಟೆ ಎರಕ ಹೊಯ್ಯುವ ಮನೆತನ. ಶಾಲೆಗಳಿಗೆ, ಹಡಗುಗಳಿಗೆ, ಪ್ರಾರ್ಥನಾ ಮಂದಿರಗಳಿಗೆ ನಾಲ್ಕು ತಲೆಮಾರಿನಿಂದ ಗಂಟೆ ಮಾಡಿಕೊಟ್ಟಿದ್ದೇವೆ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಕಲಿತವರು ತಾವೇ ಅಚ್ಚು ಕಟ್ಟಿ, ತಾವೇ ಲೋಹ ಹೊಯ್ದು ತೆಗೆದ ಮೊದಲ ಗಂಟೆಗೆ ನಾಲಿಗೆ ಕಟ್ಟುವ ಮುಂಚೆ, ಅದನ್ನು ಅಂಗಾತ ಹಿಡಿದು, ಅದರ ತುಂಬ ಮದ್ಯ ಹೊಯ್ಸಿಕೊಂಡು ಕುಡಿಯಬೇಕು. ಅಂಗಾತ ಹಿಡಿದ ಗಂಟೆಯನ್ನು ಕೆಳಗಿಡಲು ಬರುವುದಿಲ್ಲ, ಉರುಳಿಬಿಡುತ್ತದೆ. ಹಿಡಿದವರು ಬರಿದು ಮಾಡಲೇಬೇಕು. ಆಮೇಲೆ ಮನೆಯ ಹಿರಿಯನು ಗಂಟೆಯ ಅಂಚಿಗೆ ಅವರ ಮುದ್ರೆಯನ್ನು ಒತ್ತುತ್ತಾನೆ. ಮುದ್ರೆಯಿಲ್ಲದವರು ಎಷ್ಟು ವರ್ಷ ದುಡಿದರೂ ಆಳುಗಳೇ.

ನಾನು ಹದಿನೈದನೆಯ ವಯಸ್ಸಿನಲ್ಲಿ ಕುಡಿದೆ, ಮತ್ತೆಂದೂ ಮುಟ್ಟಲಿಲ್ಲ. ಎರಡು ಹೊತ್ತೂ ಪ್ರಾರ್ಥನೆ ಮಾಡುವವನು ನಾನು. ನನ್ನ ಮಗನೂ ಹದಿನೈದರಲ್ಲೇ ಕುಡಿದ, ಮತ್ತೆ ಬಿಡಲಿಲ್ಲ. ಮೂವತ್ತನಾಲ್ಕಕ್ಕೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋದ. ಗಟ್ಟಿ ಮನಸ್ಸಿಲ್ಲದವನೆಂದು ಮಗನನ್ನೇ ದೂರಿದೆ. ಪದ್ಧತಿಯನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಅವನು ಹೋಗಿ ಆರು ವರ್ಷಕ್ಕೆ ನಮ್ಮ ಪುರಸಭೆಯವರು ಒಂದು ನಿಯಮ ತರಲು ಹೊರಟರು. ಇಪ್ಪತ್ತೊಂದು ತುಂಬದವರಿಗೆ ಯಾರೂ ಮದ್ಯ ಮಾರಬಾರದು, ಕೊಡಲೂ ಬಾರದು. ಊರಿನ ಅಭಿಪ್ರಾಯ ಕೇಳಲು ಸಭೆ ಕರೆದರು. ಎರಕದವರೆಲ್ಲ ನನ್ನನ್ನು ಮುಂದೆ ಮಾಡಿದರು. ಕುಡಿಯದ ಮುದುಕ, ದೈವಭಕ್ತ, ಇವನ ಮಾತಿಗೆ ತೂಕವಿದೆ ಎಂದು.

"ಅಂಗಡೀಲಿ ಕೊಂಡು ಕುಡಿಯೋದು ಕುಡಿತ," ಎಂದೆ ಸಭೆಯಲ್ಲಿ. "ಹಿರಿಯರ ಕೈಯಿಂದ ತಗೊಳ್ಳೋದು ಆಶೀರ್ವಾದ. ನಮ್ಮ ಮಕ್ಕಳನ್ನ ನಾವು ಕಾಯ್ತೀವಿ. ಕಾಯಿದೆ ನಮ್ಮ ಹೊಸ್ತಿಲು ದಾಟೋದು ಬೇಡ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ನನ್ನ ಸೊಸೆ ಎದ್ದು ನಿಂತಳು.

"ಮಾವ, ಕಾದ ಲೋಹ ಹಿರಿಯರ ಕೈಯಿಂದ ಬಿದ್ರೆ ಸುಡಲ್ವಾ? ನಾನು ಔಷಧಿ ಅಳೆದು ಕೊಡೋಳು. ಯಾರು ಕೊಟ್ರು ಅಂತ ಹೊಟ್ಟೆಗೆ ಗೊತ್ತಾಗಲ್ಲ, ಎಷ್ಟು ಕೊಟ್ರು ಅಂತ ಮಾತ್ರ ಗೊತ್ತಾಗುತ್ತೆ. ನಿಮ್ಮ ಮಗ ಎಲ್ಲಿ ಶುರು ಮಾಡಿದ್ರು ಅಂತ ನಿಮಗೆ ಗೊತ್ತಿಲ್ವಾ?"

"ಮನೆ ಮಾತು ಬೀದಿಗೆ ತರಬೇಡ. ಕೂತ್ಕೋ," ಎಂದೆ.

ಕೂತಳು. "ಹಿರಿಯರು ಆಚರಣೆಗಾಗಿ ಕೊಟ್ಟದ್ದಕ್ಕೆ ಈ ನಿಯಮ ಸಲ್ಲದು" ಎಂಬ ಒಂದು ಸಾಲು ನಿಯಮದೊಳಗೆ ಸೇರಿತು. ಅದು ನನ್ನ ಸಾಲು.

ಒಂದು ತಿಂಗಳಾಗಿರಲಿಲ್ಲ, ಮದ್ಯದಂಗಡಿಯವನು ಬಾಗಿಲಿಗೆ ಹಲಗೆ ತೂಗುಹಾಕಿದ: "ಮೊದಲ ಗಂಟೆಗೆ ಇಲ್ಲಿ ಸಿಗುತ್ತದೆ." ಕುಲುಮೆಯ ಮುಖವನ್ನೇ ಕಾಣದ ಶಾಲೆಯ ಮಕ್ಕಳು ಹೋಗಿ "ಗಂಟೆಗೆ" ಎಂದರೆ ಸಾಕು, ಸೀಸೆ ಕೈಗೆ ಬರುತ್ತಿತ್ತು. "ತಾತ ಕಳಿಸಿದ್ರಾ?" ಎಂದು ಕೇಳುವನಂತೆ. "ಹೂಂ" ಎನ್ನುವರಂತೆ. ಸೊಸೆ ಇದನ್ನು ಹೇಳಿದಾಗ ನಾನು ಪ್ರಾರ್ಥನೆಗೆ ಹೊತ್ತಾಯಿತೆಂದು ಎದ್ದುಹೋದೆ.

ಪಾದರಸ ನಮ್ಮಲ್ಲಿ ಎರಕಕ್ಕೆ ಇಳಿದ ಮೊದಲ ಹೆಣ್ಣುಮಗಳು. ಅಚ್ಚು ಕಟ್ಟುವ ಮುದುಕನಿಗೆ, ನಾವು ಸೊಟ್ಟಮೂಗ ಎನ್ನುತ್ತಿದ್ದ ನನ್ನ ಹಳೆಯ ಜೊತೆಗಾರನಿಗೆ, ಅವಳನ್ನು ಕೆಣಕದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ನಿನ್ನ ಕೈಗೆ ಮೇಜಿನ ಮೇಲಿಡೋ ಪುಟ್ಟ ಗಂಟೆ ಸಾಕು ಕಣೇ."

"ನಾನು ಶಾಲೆ ಗಂಟೆನೇ ಹೊಯ್ಯೋದು," ಎಂದಳು. "ಮಿಕ್ಕಿದ ಲೋಹದಲ್ಲಿ ನಿಂಗೊಂದು ನೆಟ್ಟಗಿರೋ ಮೂಗು ಮಾಡಿಕೊಡ್ತೀನಿ ತಾತ, ಚಿಂತೆ ಮಾಡಬೇಡ."

ಮೊದಲ ಗಂಟೆಯೆಂದರೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ನಾನು ಕುಡಿದದ್ದೂ ಅಷ್ಟರಲ್ಲೇ, ನಾಲ್ಕು ಗುಟುಕು. ಅವಳದು ಎರಡು ಕೈಯಲ್ಲಿ ಹಿಡಿಯಬೇಕಾದ ಗಂಟೆ. ಒಂದು ಬಿರುಕಿಲ್ಲ, ಒಂದು ಗುಳಿಯಿಲ್ಲ. ಆ ದಿನ ಮಧ್ಯಾಹ್ನ ಅದನ್ನು ಅಂಗಾತ ಹಿಡಿದು ನಿಂತಳು. ಸೊಟ್ಟಮೂಗ ಹೊಯ್ದ. ಸೀಸೆ ಪೂರ್ತಿ ಬರಿದಾಯಿತು. ಅವಳು ಒಳಗೆ ನೋಡಿದಳು, ನನ್ನನ್ನು ನೋಡಿದಳು.

"ತಾತ, ಎಲ್ಲಾನಾ? ಅರ್ಧ ಸಾಲ್ದಾ?"

ಎಲ್ಲರ ಕಣ್ಣೂ ನನ್ನ ಮೇಲಿತ್ತು. ಸಾಕು ಮಗಳೇ, ಚೆಲ್ಲಿಬಿಡು ಎನ್ನಬಹುದಿತ್ತು. ಕುಲುಮೆಯ ಬೂದಿ ಅದನ್ನು ಕುಡಿದುಕೊಳ್ಳುತ್ತಿತ್ತು. ನಾನು ಹೇಳಿದ್ದು ಬೇರೆ:

"ಅರ್ಧ ಕುಡಿದ್ರೆ ಅರ್ಧ ಮುದ್ರೆ ಒತ್ತಲಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೂರು ಸಲ ಉಸಿರು ತೆಗೆದುಕೊಂಡು ಬರಿದು ಮಾಡಿದಳು. ಗಂಡುಮಕ್ಕಳಿಗೆ ಏನು ಕಡಿಮೆ ಎಂದು ನಾನೇ ಬೆನ್ನು ತಟ್ಟಿದೆ. ಸ್ವಲ್ಪ ಹೊತ್ತು ಹಾಡಿದಳು, ಸೊಟ್ಟಮೂಗನ ಟೊಪ್ಪಿ ಕಿತ್ತುಕೊಂಡು ಓಡಾಡಿದಳು. ಆಮೇಲೆ "ತಾತ, ನೆಲ ಕರಗ್ತಾ ಇದೆ" ಎಂದು ಮರಳಿನ ಮೇಲೆ ಒರಗಿದಳು.

ಗೊರಕೆ ಕೇಳಿಸಿತು. "ಥೇಟ್ ಅವರಪ್ಪಂದೇ ಗೊರಕೆ," ಎಂದು ಯಾರೋ ಅಂದರು. ಅದು ಗೊರಕೆಯಲ್ಲ, ಕಟ್ಟಿಕೊಳ್ಳುತ್ತಿದ್ದ ಉಸಿರು ಎಂದು ಆಮೇಲೆ ವೈದ್ಯರು ಹೇಳಿದರು. ಸೊಟ್ಟಮೂಗ ಒಮ್ಮೆ ಹತ್ತಿರ ಹೋಗಿ ನೋಡಿ, "ತುಟಿ ಯಾಕೋ ಬಣ್ಣಗೆಟ್ಟಿದೆ ಕಣೋ. ಅವಳಮ್ಮನ್ನ ಕರೆಸೋಣ್ವಾ?" ಎಂದ.

ಎರಕದಲ್ಲಿ ಒಂದು ನಿಯಮವಿದೆ. ಹೊಯ್ದದ್ದು ಆರುವವರೆಗೆ ಅಚ್ಚನ್ನು ಮುಟ್ಟಬಾರದು. ಅವಸರಪಟ್ಟು ಒಡೆದರೆ ಗಂಟೆ ಸೀಳುತ್ತದೆ. ಐವತ್ತು ವರ್ಷ ಆ ನಿಯಮದಲ್ಲೇ ಬದುಕಿದವನು ನಾನು.

"ಮುಟ್ಟಬೇಡ," ಎಂದೆ. "ತಾನಾಗೇ ತಣ್ಣಗಾಗಲಿ."

ಔಷಧಾಲಯ ಎರಕದ ಮನೆಯಿಂದ ಇನ್ನೂರು ಹೆಜ್ಜೆ. ಆಮೇಲೆ ನಾನೇ ಎಣಿಸಿದ್ದೇನೆ.

ಎರಡು ತಿಂಗಳ ಬಳಿಕ ಪುರಸಭೆ ಮತ್ತೆ ಸೇರಿತು. ನನ್ನ ಸಾಲನ್ನು ತೆಗೆಯಬೇಕೆಂದು ನಾನೇ ಅರ್ಜಿ ಕೊಟ್ಟಿದ್ದೆ. ಮದ್ಯದಂಗಡಿಯವನು ಎದ್ದು, "ಹಿರಿಯರು ದುಃಖದಲ್ಲಿದ್ದಾರೆ, ಪಾಪ," ಎಂದು ತಲೆ ಬಾಗಿಸಿದ. ಅಧ್ಯಕ್ಷರು ಸಮಾಧಾನದ ದನಿಯಲ್ಲಿ ಹೇಳಿದರು: "ಅಜ್ಜಾ, ಒಂದು ಮನೇಲಿ ಹೀಗಾಯ್ತು ಅಂತ ಊರಿನ ಪದ್ಧತಿ ಬಿಡೋಕಾಗುತ್ತಾ? ನಮ್ಮ ಮಕ್ಕಳನ್ನ ನಾವು ಕಾಯ್ತೀವಿ ಅಂತ ನೀವೇ ಅಂದಿದ್ರಲ್ಲ."

ನನ್ನ ಮಾತೇ ನನ್ನ ಮುಂದೆ ಬಂದು ನಿಂತಿತು. ನಾನು ಚೀಲದಿಂದ ಮೊಮ್ಮಗಳ ಗಂಟೆಯನ್ನು ತೆಗೆದೆ. ಅಂಗಾತ ಮಾಡಿ ಅಧ್ಯಕ್ಷರ ಎರಡು ಕೈಗೂ ಕೊಟ್ಟು, ಮೇಜಿನ ಮೇಲಿದ್ದ ಹೂಜಿಯ ನೀರನ್ನು ಅಂಚಿನವರೆಗೆ ತುಂಬಿದೆ.

"ಕುಡೀಬೇಡಿ. ಕೆಳಗಿಡಿ," ಎಂದೆ.

ಅವರು ಮೇಜು ನೋಡಿದರು, ಕುರ್ಚಿ ನೋಡಿದರು. ಮುಂದೆ ಕಾಗದಪತ್ರಗಳು. ಗಂಟೆ ವಾಲಿ ನೀರು ಅಂಗಿಯ ತೋಳಿನೊಳಗೆ ಇಳಿಯಿತು. "ಎಲ್ಲಿಡ್ಲಿ ಇದನ್ನ?" ಎಂದರು.

"ಅವಳಿಗೂ ಗೊತ್ತಾಗಲಿಲ್ಲ ಸ್ವಾಮಿ. ಹದಿನೇಳು ವರ್ಷದ ಮಗು. ಹೇಳಬೇಕಾಗಿದ್ದೋನು ನಾನು, ಎದುರಿಗೇ ನಿಂತಿದ್ದೆ. ನನ್ನಂಥ ಒಳ್ಳೆಯವರ ಕೈಯಿಂದ ಮಕ್ಕಳನ್ನ ಕಾಯೋಕೇ ಕಾಯಿದೆ ಬೇಕು."

ಸೊಸೆಯೇ ಎದ್ದು ಬಂದು ಅವರ ಕೈಯಿಂದ ಗಂಟೆಯನ್ನು ತೆಗೆದುಕೊಂಡು, ಕಿಟಕಿಯಾಚೆ ನೀರು ಚೆಲ್ಲಿದಳು. ಎರಡು ಮತ ಹೆಚ್ಚಾಗಿ ಆ ಸಾಲು ಹೋಯಿತು. ಅಂಗಡಿಯ ಹಲಗೆ ಇಳಿಯಿತು. ಅಂಗಡಿ ಅಲ್ಲೇ ಇದೆ.

ಮರುದಿನ ಎರಕದ ಮನೆಯಲ್ಲಿ, ಆ ದಿನ ಒತ್ತದೆ ಉಳಿದಿದ್ದ ಮುದ್ರೆಯ ಉಳಿಯನ್ನು ಸೊಸೆಯ ಮುಂದೆ ಇಟ್ಟೆ. ಮೊಮ್ಮಗಳು ತಾನೇ ಕೊರೆದಿಟ್ಟುಕೊಂಡಿದ್ದ ಗುರುತು, ಒಂದು ಪುಟ್ಟ ಹನಿ. ಒತ್ತುವ ಯೋಗ್ಯತೆ ನನ್ನ ಕೈಗೆ ಉಳಿದಿರಲಿಲ್ಲ. ಅವಳು ಸುತ್ತಿಗೆ ತೆಗೆದುಕೊಂಡಳು. ಒಂದೇ ಪೆಟ್ಟಿಗೆ ಹನಿ ಅಂಚಿನಲ್ಲಿ ನಿಂತಿತು. ಗಂಟೆ ಬಹಳ ಹೊತ್ತು ಗುಂಯ್ಗುಟ್ಟಿತು. ಅದು ನಿಲ್ಲುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಸೊಟ್ಟಮೂಗ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಈಗ ಅದು ಶಾಲೆಯ ಅಂಗಳದಲ್ಲಿದೆ. ಬೆಳಿಗ್ಗೆ ಬಾರಿಸಿದಾಗ ಮಕ್ಕಳು ಓಡುವ ಸದ್ದು ನನ್ನ ಪ್ರಾರ್ಥನೆಯ ಕೋಣೆಯವರೆಗೆ ಬರುತ್ತದೆ.

ದೇವರೇ, ನಿಂತಲ್ಲಿ ನಿಲ್ಲದ ಮಗು ಅದು. ನಿನ್ನ ಬಳಿ ಓಡಾಡಲು ಜಾಗ ಕೊಡು. ದಣಿದು ಮಲಗಿದರೆ, ಆಗಾಗ ಹತ್ತಿರ ಹೋಗಿ ಉಸಿರು ನೋಡು. ನಾನು ನೋಡಲಿಲ್ಲ. ಅವಳಿಗೆ ಶಾಂತಿ ಕೊಡು, ತಂದೆ.