ಬಿಚ್ಚಿ ಹೊಲಿದ ಕಾಜಾಗಳು

ಆ ಬೀದಿಯಲ್ಲಿ ಅಂಗಿ ಹೊಲಿಸಿಕೊಂಡವರಿಗೆಲ್ಲ ಕಾಜಾ ಅಜ್ಜಿ ಗೊತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಟ್ಟೆ ಕತ್ತರಿಸುವವರು ಅಜ್ಜಿಯ ಯಜಮಾನರು. ಬೀದಿಯವರ ಬಾಯಲ್ಲಿ ಅವರು ಮಾಸ್ಟರು. ಮಿಷಿನ್ ತುಳಿಯುವವಳು ಸೊಸೆ. ಮಗ ಬಟ್ಟೆ ಅಂಗಡಿಗಳ ಸರಕು ಹೊತ್ತು ಊರೂರು ತಿರುಗುವವನು, ಮನೆಗಿಂತ ಬಸ್ಸಿನಲ್ಲಿದ್ದುದೇ ಹೆಚ್ಚು. ಗುಂಡಿ ತೂರುವ ಕಾಜಾ ಮಾತ್ರ ಅಜ್ಜಿಯ ಕೈಯದೇ ಆಗಬೇಕು. ಮಿಷಿನ್ನಿನ ಕಾಜಾ ನಾಲ್ಕು ಒಗೆತಕ್ಕೆ ನೂಲು ಬಿಡುತ್ತದೆ, ಅಜ್ಜಿಯದು ಅಂಗಿ ಹರಿದು ಒರೆಸುವ ಬಟ್ಟೆಯಾದ ಮೇಲೂ ಜಗ್ಗುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮರ್ಯಾದಸ್ಥರ ಮನೆಗಳಲ್ಲೆಲ್ಲ ಇರುವಂಥದ್ದೇ. ಅದಕ್ಕೇ ಯಾರಿಗೂ ಅದು ಕೆಟ್ಟದ್ದಾಗಿ ಕಂಡಿರಲಿಲ್ಲ. ಹಿರಿಯರ ಕುಂದನ್ನು ಬಾಯಿಬಿಟ್ಟು ಆಡಬಾರದು. ಮಾಸ್ಟರ ತಾಯಿ ಕೊನೆಗಾಲದಲ್ಲಿ ಕಣ್ಣು ಕಾಣದೆ ಹಿಂದಿನ ಕೋಣೆಯಲ್ಲಿ ಕೂತೇ ದಿನ ಕಳೆದರು. ಮನೆಯವರು ತಟ್ಟೆಯನ್ನು ಕೈಗೇ ಕೊಟ್ಟರು, ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರು, ಕಣ್ಣಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಆ ಮುದುಕಿ ಸತ್ತಾಗ ಎಲ್ಲರೂ, ಪಾಪ, ಎಷ್ಟು ಚೆನ್ನಾಗಿ ನೋಡಿಕೊಂಡರು ಎಂದರು.

ಈಗ ಸರದಿ ಅಜ್ಜಿಯದು. ಮೊದಮೊದಲು ದೀಪದ ತಪ್ಪು ಎಂದುಕೊಂಡಳು. ಆಮೇಲೆ ನೋಡಿದ ಕಡೆಯಲ್ಲೇ ಯಾರೋ ಮಸಿ ಬಳಿದ ಹಾಗಾಯಿತು. ಸೊಸೆಯ ಮುಖ ನೋಡಿದರೆ ಕಿವಿಯ ಓಲೆ ಕಾಣುತ್ತದೆ, ಮೂಗು ಕಾಣುವುದಿಲ್ಲ. ಮಾತೂ ಹಾಗೇ. ಗೋಡೆಯಾಚೆ ಯಾರೋ ಮಾತಾಡಿದಂತೆ, ಆಡುತ್ತಿದ್ದಾರೆಂದು ಗೊತ್ತು, ಏನೆಂದು ಗೊತ್ತಿಲ್ಲ. ಎಲ್ಲರೂ ನಕ್ಕಾಗ ತಾನೂ ನಗುವಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೈಗೆ ಅಭ್ಯಾಸವಿದೆ, ಕಾಜಾ ಸರಿಯಾಗಿ ಬೀಳುತ್ತಿದೆಯಲ್ಲ, ಒಂದು ಅಂಗಿಯಾದರೂ ವಾಪಸು ಬಂದಿದೆಯೇ ಎಂದು ಧೈರ್ಯ ತಂದುಕೊಳ್ಳುವಳು.

ಒಂದು ಸಂಜೆ ಇಸ್ತ್ರಿ ಮೇಜಿನ ಮೇಲಿದ್ದ ಅಂಗಿಯನ್ನು ಮಡಿಸಲು ಹೋಗಿ ಸುಮ್ಮನೆ ಕಾಜಾದ ಮೇಲೆ ಹೆಬ್ಬೆರಳಾಡಿಸಿದಳು. ಬೆಳಿಗ್ಗೆ ತಾನೇ ಹೊಲಿದ ಅಂಗಿ. ತನ್ನ ಕಾಜಾದ ತುದಿಯಲ್ಲಿ ದಾರ ಒಂದರ ಮೇಲೊಂದು ಅಡ್ಡ ಹಾಯುತ್ತದೆ. ಇದರಲ್ಲಿ ನೇರ ನಿಂತಿತ್ತು. ಹೊಲಿಗೆ ಚೆನ್ನಾಗಿತ್ತು, ಆದರೆ ತನ್ನದಲ್ಲ. ಹ್ಯಾಂಗರಿನಲ್ಲಿದ್ದ ಇನ್ನೊಂದನ್ನು ಮುಟ್ಟಿದಳು. ಮತ್ತೊಂದನ್ನು ಮುಟ್ಟಿದಳು.

ಸೊಸೆಯನ್ನು ಕರೆದು ಅಂಗಿಯನ್ನು ಅವಳ ಕೈಗಿಟ್ಟಳು. ಸೊಸೆಗೆ ಬೇರೇನೂ ಕೇಳಬೇಕಾಗಲಿಲ್ಲ. ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಮಧ್ಯಾಹ್ನ ನೀವು ಮಲಗಿದಾಗ ಬಿಚ್ಚಿ ಹೊಲೀತಿದ್ದೆ, ಅತ್ತೆ. ಕಪ್ಪು ಅಂಗಿಗೆ ನೀಲಿ ದಾರ ಹಾಕ್ತಿದ್ರಿ. ಹೇಳ್ಬೇಡ, ಅವಳಿಗೆ ನೋವಾಗುತ್ತೆ ಅಂದ್ರು ಮಾವ."

ಅಜ್ಜಿ ಬೈಯಲಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿ ಪರದೆ ಸರಿಸಿ ಒಳಗೆ ಹೋದಳು. ಮಕ್ಕಳು ಆಡಲು ಮಣ್ಣಿನ ಅಡುಗೆ ಮಾಡುತ್ತಾರೆ, ದೊಡ್ಡವರು ಉಂಡ ಹಾಗೆ ಮಾಡುತ್ತಾರೆ. ಇಷ್ಟು ಕಾಲ ತಾನು ಬಡಿಸಿದ್ದು ಅಂಥ ಅಡುಗೆಯೇ ಎಂಬುದು ಅವಳ ಎದೆಗೆ ನಾಟಿತ್ತು. ಮರುದಿನ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಊಟದ ರುಚಿ ಕೆಟ್ಟಿತು, ಸ್ನಾನಕ್ಕೆ ಹೇಳಬೇಕಾಯಿತು. ಅವಳ ಅತ್ತೆ ಕೂರುತ್ತಿದ್ದ ಕಿಟಕಿಯ ಪಕ್ಕದಲ್ಲೇ ಕೂರತೊಡಗಿದಳು. ವಿಚಾರಿಸಿದ ಗಿರಾಕಿಗಳಿಗೆ ಮಾಸ್ಟರು ಮಲಗಿದ್ದಾಳೆ ಎನ್ನುತ್ತಿದ್ದರು.

ಸೊಸೆಗೆ ಇದನ್ನು ನೋಡಲಾಗಲಿಲ್ಲ. ಕಣ್ಣಾಸ್ಪತ್ರೆಯ ಹಿಂದೆ ಒಂದು ಕೇಂದ್ರವಿದೆ, ಕಣ್ಣು ಕಿವಿ ಎರಡೂ ಮಂದವಾದ ವಯಸ್ಸಾದವರಿಗೆ ಅಲ್ಲಿ ದಾರಿ ತೋರಿಸುತ್ತಾರೆ ಎಂದು ಒಬ್ಬ ಗಿರಾಕಿ ಹೇಳಿದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಊಟದ ಹೊತ್ತಿನಲ್ಲಿ, ಅಜ್ಜಿಯೂ ಮೇಜಿನ ಮುಂದೆ ಕೂತಿದ್ದಾಗಲೇ, ಮಾತು ತೆಗೆದೇಬಿಟ್ಟಳು. ಮಾಸ್ಟರು ತುತ್ತನ್ನು ತಟ್ಟೆಗೇ ಇಳಿಸಿದರು.

"ವಯಸ್ಸಾದ ಮೇಲೆ ಕಣ್ಣು ಕಿವಿ ಹೋಗೋದೇ. ಅದಕ್ಕೊಂದು ಮೆರವಣಿಗೆ ಬೇಕಾ? ಮಾಸ್ಟರ್ ಹೆಂಡ್ತಿ ಕಿವೀಲಿ ಮಿಷಿನ್ ಸಿಗಿಸ್ಕೊಂಡಿದ್ದಾಳೆ ಅಂತ ಬೀದಿಯೆಲ್ಲ ಆಡ್ಕೊಳ್ಳುತ್ತೆ. ಇಷ್ಟು ದಿನ ಅವಳ ಮಾನ ಕಾಪಾಡ್ಕೊಂಡು ಬಂದಿದ್ದೀವಿ."

"ಕಾಪಾಡಿದ್ವಾ, ಮುಚ್ಚಿಟ್ವಾ, ಮಾವ? ಯಾರಾದ್ರೂ ಹರಿದ ಅಂಗಿ ತಂದ್ರೆ ಮಡಿಚಿ ಒಳಗಿಡ್ತೀರಾ? ಬೆಳಕಿಗೆ ಹಿಡಿದು ಎಲ್ಲಿ ಹರಿದಿದೆ ಅಂತ ನೋಡ್ತೀರಿ. ಆಮೇಲಲ್ವಾ ತೇಪೆ?"

"ಹೋದ ಕಣ್ಣಿಗೆ ತೇಪೆ ಹಾಕೋ ದರ್ಜಿ ಯಾರಮ್ಮ ಇದ್ದಾನೆ?"

"ಗೊತ್ತಿಲ್ಲ. ನಾವು ಕೇಳೋಕೇ ಹೋಗಿಲ್ವಲ್ಲ."

ಅಜ್ಜಿಗೆ ಇದರಲ್ಲಿ ಒಂದೂ ಕೇಳಿಸಿರಲಿಲ್ಲ. ಕೈಗಳು ಗಾಳಿಯಲ್ಲಿ ಆಡುವುದು ಮಾತ್ರ ಕಣ್ಣಂಚಿಗೆ ಬಿತ್ತು. ಮೇಜಿನ ಮೇಲೆ ಅಂಗೈ ಬಡಿದಳು. "ನನ್ನ ವಿಷಯ ತಾನೇ? ಈ ಕಡೆ ತಿರುಗಿ ಹೇಳಿ. ನಂಗೆ ಕೇಳ್ಸಲ್ಲ."

ಆ ಮನೆಯಲ್ಲಿ ಆ ಮಾತನ್ನು ಯಾರೂ ಹಾಗೆ ಎಲ್ಲರೆದುರು ಆಡಿರಲಿಲ್ಲ. ಸೊಸೆ ಕುರ್ಚಿಯನ್ನು ಅವಳೆದುರಿಗೆ ಎಳೆದುಕೊಂಡು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದಳು. ಅಜ್ಜಿ, ಯಾವಾಗ ಹೋಗೋಣ ಎಂದಳು. ಮಾಸ್ಟರು ಕೈ ತೊಳೆಯಲು ಎದ್ದರು.

ಕಣ್ಣಿನ ಡಾಕ್ಟರು ಸುಳ್ಳು ಹೇಳಲಿಲ್ಲ. ಇದು ಪೊರೆಯಲ್ಲ, ಕಣ್ಣಿನ ಹಿಂಭಾಗದ ಪದರ ಸವೆದಿದೆ, ಹೋದದ್ದನ್ನು ತರಲಾರೆ ಎಂದರು. ಉಳಿದದ್ದನ್ನು ಬಳಸುವುದು ಕಲಿಯಬಹುದು ಎಂದು ಹಿಂದಿನ ಕಟ್ಟಡಕ್ಕೆ ಕಳಿಸಿದರು. ಅಲ್ಲಿನ ಮೇಡಂ ಬಂದವಳೇ ಅಜ್ಜಿಯ ಮೊಣಕೈ ಮೆಲ್ಲಗೆ ಮುಟ್ಟಿದಳು. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಎದುರು ಕೂತ ಮೇಲೆಯೇ ಮಾತು ಶುರುಮಾಡಿದಳು. ಇಷ್ಟು ಸಣ್ಣ ಕೆಲಸ, ಮನೆಯಲ್ಲಿ ಯಾರಿಗೂ ತೋಚಿರಲಿಲ್ಲವಲ್ಲ ಎಂದು ಸೊಸೆ ತುಟಿ ಕಚ್ಚಿಕೊಂಡಳು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಕಿವಿಗೆ ಮಿಷಿನ್ ಹಾಕಿದ ದಿನ ಕಾಗದ ಮಡಿಸಿದರೂ ಗುಡುಗಿದಂತಾಗಿ ಅಜ್ಜಿ ಅದನ್ನು ಕಿತ್ತು ಗುಂಡಿಯ ಡಬ್ಬಿಗೆ ಎಸೆದಳು. ಮೇಡಂ ಅದನ್ನು ಹದಗೊಳಿಸಿ, ಮೊದಲು ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ ಎಂದು ರೂಢಿ ಮಾಡಿಸಿದಳು. ನೇರ ನೋಡದೆ ಓರೆಯಾಗಿ ನೋಡುವುದನ್ನು ಕಲಿಸಿದಳು. ವಾರಕ್ಕೊಮ್ಮೆ ಅಲ್ಲಿ ಇಂಥವರೇ ಸೇರುತ್ತಿದ್ದರು. ಸೊಸೆಗೆ ಬಿಡುವಿಲ್ಲದಾಗ ಮಾಸ್ಟರೇ ಅಜ್ಜಿಯನ್ನು ಬಾಗಿಲವರೆಗೆ ಬಿಟ್ಟು ಬರುತ್ತಿದ್ದರು. ನಿವೃತ್ತ ಕಂಡಕ್ಟರೊಬ್ಬ, ಕಿವಿ ಕೇಳಿಸೋಕೆ ಶುರುವಾದ ಮೇಲೇ ಗೊತ್ತಾಗಿದ್ದು, ಹೆಂಡತಿ ಇಷ್ಟು ವರ್ಷ ಹಾಡು ಗುನುಗ್ತಿರಲಿಲ್ಲ, ನನ್ನನ್ನು ಬೈತಿದ್ದಳು ಎಂದ. ಅಜ್ಜಿ ನಕ್ಕಳು. ಬಹಳ ಕಾಲದ ಮೇಲೆ, ಮಾತು ಕೇಳಿಸಿಕೊಂಡು ನಕ್ಕಳು.

ಮೇಜಿಗೆ ಭೂತಗನ್ನಡಿ ಕಟ್ಟಿದ ದೀಪ ಬಂತು. ಕಪ್ಪು ಬಟ್ಟೆಯ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡಳು. ಬಣ್ಣ ತಪ್ಪದಂತೆ ದಾರದ ಒಂದೊಂದು ರೀಲಿಗೂ ಒಂದೊಂದು ಬಗೆಯ ಗುಂಡಿ ಕಟ್ಟಿ, ಮುಟ್ಟಿಯೇ ತಿಳಿದುಕೊಂಡಳು. ತೆಳು ಅಂಗಿಯ ಕಾಜಾ ಇನ್ನು ತನ್ನಿಂದಾಗದು ಎಂದು ತಾನೇ ಸೊಸೆಗೆ ಬಿಟ್ಟುಕೊಟ್ಟಳು. ಆ ದಿನ ಸ್ವಲ್ಪ ಅತ್ತಳು ಕೂಡ. ದಪ್ಪ ಕೋಟುಗಳದ್ದು ಅವಳದೇ. ತಪ್ಪಾದರೆ ಸೊಸೆ ತಂದು ಮುಂದಿಡಬೇಕು, ಅಜ್ಜಿಯೇ ಬಿಚ್ಚಬೇಕು ಎಂಬುದು ಹೊಸ ಕಟ್ಟುಪಾಡು.

ಹೀಗಿರುವಾಗ ಒಂದು ಬೆಳಿಗ್ಗೆ ಕೋಟು ಹೊಲಿಸಲು ಹೊಸ ಗಿರಾಕಿ ಬಂದ. ದೊಡ್ಡ ಕಚೇರಿಯ ಅಧಿಕಾರಿ. ಮಾಸ್ಟರು ಕೊರಳ ಟೇಪು ಸರಿಮಾಡಿಕೊಂಡು, ಹೆಂಡತಿಯ ಭುಜ ಮುಟ್ಟಿ, ಪರದೆಯ ಕಡೆ ಕೈ ತೋರಿಸಿದರು.

ಅಜ್ಜಿ ಸೂಜಿ ಕೆಳಗಿಡಲಿಲ್ಲ. "ನಾನು ಒಳಗೆ ಹೋಗಲ್ಲ ರೀ," ಎಂದಳು. ಆಮೇಲೆ ಗಿರಾಕಿಯ ಕಡೆ ಮುಖ ಓರೆ ಮಾಡಿದಳು. "ನಂಗೆ ಕಣ್ಣು ಮಂದ, ಕಿವೀನೂ ಮಂದ. ಕಾಜಾ ಹಾಕೋಳು ನಾನೇ. ಏನು ಬೇಕೋ ಎದುರಿಗೆ ಬಂದು ನಿಧಾನವಾಗಿ ಹೇಳಪ್ಪ."

ಮಾಸ್ಟರು ನೆಲ ನೋಡಿದರು. ಗಿರಾಕಿ ಮೇಜು ಬಳಸಿಕೊಂಡು ಬಂದು ಅವಳೆದುರು ಸ್ಟೂಲಿನ ಮೇಲೆ ಕೂತ. ಕೋಟಿನ ಮಾತು ಆಡಲೇ ಇಲ್ಲ. ಅವಳ ಕಿವಿಯನ್ನು, ದೀಪವನ್ನು ನೋಡುತ್ತಿದ್ದ.

"ನಮ್ಮಮ್ಮನಿಗೂ ಹೀಗೇ. ಈಗ ಯಾರ ಹತ್ರಾನೂ ಮಾತೇ ಆಡಲ್ಲ. ವಯಸ್ಸು ಅಂತ ಬಿಟ್ಟುಬಿಟ್ಟಿದ್ದೀವಿ."

"ಇಲ್ಲಿಗೆ ಕರ್ಕೊಂಡು ಬಾ. ನಾನೇ ಜೊತೇಲಿ ಹೋಗ್ತೀನಿ," ಎಂದಳು ಅಜ್ಜಿ. "ರವಿಕೆ ಅಳತೆ ಕೊಡೋಕೆ ಅಂತ ನೆಪ ಹೇಳಿ ಕರ್ಕೊಂಡು ಬರ್ಬೇಡ. ಕಣ್ಣು ಕಿವಿ ವಿಷಯ ಅಂತಾನೇ ಹೇಳು. ಹೇಳಿದ್ರೆ ಸಾಯಲ್ಲ ಅವಳು."

ಅವನು ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾಸ್ಟರು ಗಂಟಲು ಸರಿಮಾಡಿಕೊಂಡರು.

"ಕಣ್ಣಾಸ್ಪತ್ರೆ ಹಿಂದಿನ ಕಟ್ಟಡ," ಎಂದರು. "ಮುಂದುಗಡೆ ಮೆಟ್ಟಿಲು ಜಾಸ್ತಿ. ಅಮ್ಮನ್ನ ಪಕ್ಕದ ಬಾಗಿಲಿಂದ ಕರ್ಕೊಂಡು ಹೋಗಿ."

ಎದುರು ಅಂಗಡಿಯವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದರು.